ಚಳಿಗೆ ದಾರಿ ಬಿಡುವ ಬೆಟ್ಟ, ಚಳಿಯನ್ನು ತಡೆಯುವ ಬೆಟ್ಟ

ಹೋದ ತಿಂಗಳು ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳಿವು. ಅವತ್ತು ಬಾಯಿಗೆ ಬಾರದೆ ಹೋದ ಒಂದೆರಡು ಲೆಕ್ಕಗಳನ್ನು ಬರೆಯುವಾಗ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹಿರಿಯರಿಗೆ 1975 ಅಂದ ಕೂಡಲೇ ಎಮರ್ಜೆನ್ಸಿ ನೆನಪಾಗುತ್ತದೆ. ಕಾಫಿ ತೋಟ ಇದ್ದವರಿಗೆ ಅದರ ಜೊತೆಗೆ ಇನ್ನೊಂದು ವಿಷಯವೂ ನೆನಪಾಗಬೇಕು. ಆ ವರ್ಷದ ಜುಲೈ ತಿಂಗಳಲ್ಲಿ ಬ್ರೆಜಿಲ್ ದೇಶದ ಪರಾನಾ ರಾಜ್ಯದಲ್ಲಿ ಎರಡು ರಾತ್ರಿ ಚಳಿ ಬಿತ್ತು. 17ನೇ ತಾರೀಖು ಕುರಿಟಿಬಾ ನಗರದಲ್ಲಿ ಹಿಮ ಸುರಿಯಿತು. ಜನ ಬೀದಿಗೆ ಬಂದು ಫೋಟೋ ತೆಗೆಸಿಕೊಂಡರು. 18ರ ಬೆಳಗ್ಗೆ ಅದೇ ರಾಜ್ಯದ ಉತ್ತರ ಭಾಗದಲ್ಲಿ, ಲೊಂದ್ರಿನಾ ಸುತ್ತಮುತ್ತ, ರೈತರು ಎದ್ದು ತೋಟಕ್ಕೆ ಹೋದರೆ ಗಿಡಗಳೆಲ್ಲ ಕಪ್ಪಾಗಿದ್ದವು. ಬೆಂಕಿ ಬಿದ್ದ ಹಾಗೆ. ಆ ವರ್ಷ ಪರಾನಾ ಸುಮಾರು 1 ಕೋಟಿ ಚೀಲ ಕಾಫಿ ಬೆಳೆದಿತ್ತು, ಬ್ರೆಜಿಲ್‌ನ ಒಟ್ಟು ಬೆಳೆಯಲ್ಲಿ ಹತ್ತಿರ ಹತ್ತಿರ ಅರ್ಧ. ಮರುವರ್ಷ ಅಲ್ಲಿ ಕೊಯ್ದದ್ದು ಕೆಲವೇ ಸಾವಿರ ಚೀಲ. ಕೋಟಿಯಿಂದ ಸಾವಿರಕ್ಕೆ, ಒಂದೇ ರಾತ್ರಿಯ ಲೆಕ್ಕದಲ್ಲಿ.

ಈಗ ನನ್ನ ಪ್ರಶ್ನೆ. ಪರಾನಾದ ಆ ತೋಟಗಳು ಇದ್ದದ್ದು ದಕ್ಷಿಣಕ್ಕೆ 23 ಡಿಗ್ರಿ ಅಕ್ಷಾಂಶದ ಹತ್ತಿರ. ಮಕರ ಸಂಕ್ರಾಂತಿ ವೃತ್ತದ ಮೇಲೆಯೇ ಅನ್ನಿ. ನಮ್ಮ ಕಡೆ ಅಷ್ಟೇ ದೂರದಲ್ಲಿ ಇರುವುದು ಭೋಪಾಲ್, ಉಜ್ಜಯಿನಿ, ರಾಂಚಿ. ಉಜ್ಜಯಿನಿಯಲ್ಲಿ ಜನವರಿ ಮಧ್ಯಾಹ್ನ ಬಿಸಿಲಿಗೆ ಸ್ವೆಟರ್ ತೆಗೆದು ಕೂರುತ್ತಾರೆ. ಅಷ್ಟೇ ಅಕ್ಷಾಂಶ, ಅದೇ ಸೂರ್ಯ. ಹಾಗಿರುವಾಗ ಧ್ರುವದ ಕಡೆಯ ಚಳಿಗಾಳಿ ಅಲ್ಲಿಗೆ ಹೋಗುತ್ತದೆ, ಇಲ್ಲಿಗೆ ಯಾಕೆ ಬರುವುದಿಲ್ಲ?

ಶಾಲೆಯಲ್ಲಿ ನಮಗೆ ಕಲಿಸಿದ್ದು ಏನು? ಸಮಭಾಜಕ ವೃತ್ತದಿಂದ ದೂರ ಹೋದಷ್ಟೂ ಚಳಿ ಜಾಸ್ತಿ ಅಂತ. ನಾನೂ ಮೂವತ್ತು ವರ್ಷ ಭೂಗೋಳ ಪಾಠ ಮಾಡುತ್ತಾ ಅದನ್ನೇ ಹೇಳಿದ್ದೇನೆ. ಅದು ಸುಳ್ಳಲ್ಲ. ಆದರೆ ಅದರಲ್ಲಿ ಅರ್ಧ ಕತೆ ಮಾತ್ರ ಇದೆ. ಉಳಿದರ್ಧ ಇರುವುದು ಬೆಟ್ಟಗಳು ಯಾವ ದಿಕ್ಕಿಗೆ ಮಲಗಿವೆ ಅನ್ನುವುದರಲ್ಲಿ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದೊಂದೇ ಮಾತು.

ಮೊದಲು ಚಳಿಗಾಳಿಯ ಸ್ವಭಾವ ನೋಡೋಣ. ತಣ್ಣನೆಯ ಗಾಳಿ ಭಾರ. ಫ್ರಿಜ್ ಬಾಗಿಲು ತೆಗೆದರೆ ಮೊದಲು ಕಾಲಿಗೆ ತಣ್ಣಗಾಗುತ್ತದೆ ಅಲ್ವಾ, ಅದೇ. ಕೆನಡಾದಲ್ಲೋ ಸೈಬೀರಿಯಾದಲ್ಲೋ ಚಳಿಗಾಲದ ಉದ್ದನೆಯ ರಾತ್ರಿಗಳಲ್ಲಿ, ಹಿಮ ಹಾಸಿದ ನೆಲದ ಮೇಲೆ, ಗಾಳಿ ದಿನಗಟ್ಟಲೆ ಅಲುಗಾಡದೆ ಬಿದ್ದಿರುತ್ತದೆ. ತಣ್ಣಗಾಗುತ್ತಾ ಆಗುತ್ತಾ ಭಾರವಾಗುತ್ತದೆ. ಸೈಬೀರಿಯಾದ ಅಗಾತಾ ಅನ್ನುವ ಜಾಗದಲ್ಲಿ 1968ರ ಡಿಸೆಂಬರ್ 31ರಂದು ಗಾಳಿಯ ಒತ್ತಡ 1083.8 ಮಿಲಿಬಾರ್ ತಲುಪಿತ್ತು. ಸಾಮಾನ್ಯವಾಗಿ ಸಮುದ್ರ ಮಟ್ಟದಲ್ಲಿ ಅದು 1013ರ ಆಸುಪಾಸು ಇರುತ್ತದೆ. ಇಷ್ಟು ಭಾರದ ಗಾಳಿ ಕೊನೆಗೊಂದು ದಿನ ಚೆಲ್ಲಲೇಬೇಕು. ಚೆಲ್ಲಿದಾಗ ಅದು ಆಕಾಶದಲ್ಲಿ ಹಾರಿಕೊಂಡು ಬರುವುದಿಲ್ಲ, ನೆಲಕ್ಕೆ ಅಂಟಿಕೊಂಡು, ಗದ್ದೆಗೆ ಬಿಟ್ಟ ನೀರಿನ ಹಾಗೆ ಹರಿದು ಬರುತ್ತದೆ. ಅದರ ದಪ್ಪ ಎಷ್ಟೋ ಸಲ ಒಂದೆರಡು ಕಿಲೋಮೀಟರ್ ಅಷ್ಟೇ. ಈ ತೆಳುವಾದ ದಪ್ಪವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡನೇ ಸಂಗತಿ ಭೂಮಿ ತಿರುಗುವುದು. ನಾವು ಈಗ ಕೂತಿರುವ ಚಿಕ್ಕಮಗಳೂರು ಭೂಮಿಯ ಜೊತೆ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. 60 ಡಿಗ್ರಿ ಅಕ್ಷಾಂಶದಲ್ಲಿ ಆ ವೇಗ ಸುಮಾರು ಅರ್ಧ, 835 ಕಿ.ಮೀ. ಅಲ್ಲಿಂದ ಹೊರಟ ಗಾಳಿ ನಮ್ಮ ಕಡೆಗೆ ಬರುತ್ತಾ ಬರುತ್ತಾ ಕೆಳಗಿನ ನೆಲ ತನಗಿಂತ ಜೋರಾಗಿ ಪೂರ್ವಕ್ಕೆ ಓಡುತ್ತಿರುತ್ತದೆ. ಗಾಳಿ ಹಿಂದೆ ಬೀಳುತ್ತದೆ. ಹಿಂದೆ ಬೀಳುವುದು ಅಂದರೆ ಪಶ್ಚಿಮಕ್ಕೆ ವಾಲುವುದು. ಉತ್ತರ ಧ್ರುವದ ಕಡೆಯಿಂದ ಬಂದರೂ ಅಷ್ಟೇ, ದಕ್ಷಿಣ ಧ್ರುವದ ಕಡೆಯಿಂದ ಬಂದರೂ ಅಷ್ಟೇ, ಸಮಭಾಜಕ ವೃತ್ತದ ಕಡೆಗೆ ಹೊರಟ ಗಾಳಿ ಪಶ್ಚಿಮಕ್ಕೇ ತಿರುಗುತ್ತದೆ.

ಈಗ ಈ ಎರಡನ್ನೂ ಸೇರಿಸಿ. ಹರಿದು ಬರುತ್ತಿರುವ ಗಾಳಿಯ ಪಶ್ಚಿಮಕ್ಕೆ ಉತ್ತರ-ದಕ್ಷಿಣವಾಗಿ ಒಂದು ಉದ್ದನೆಯ ಬೆಟ್ಟದ ಸಾಲು ಇದೆ ಅಂದುಕೊಳ್ಳಿ. ಗಾಳಿ ಪಶ್ಚಿಮಕ್ಕೆ ವಾಲಲು ನೋಡುತ್ತದೆ, ಬೆಟ್ಟ ಬಿಡುವುದಿಲ್ಲ. ಹತ್ತಿ ದಾಟೋಣ ಅಂದರೆ ಭಾರ, ಅದೂ ತೆಳು. ಬೆಟ್ಟವೇ ಇಲ್ಲದಿದ್ದರೆ ಅದು ಪಶ್ಚಿಮಕ್ಕೆ ತಿರುಗಿ, ಹರಡಿ, ತೆಳ್ಳಗಾಗಿ, ಎರಡು ದಿನದಲ್ಲಿ ಚಳಿ ಕಳೆದುಕೊಳ್ಳುತ್ತಿತ್ತು. ಈಗ ಹರಡಲು ಜಾಗ ಇಲ್ಲ. ಬೆಟ್ಟದ ಬುಡದಲ್ಲಿ ಒತ್ತೊತ್ತಾಗಿ ಸೇರಿಕೊಂಡು, ಇರುವ ಒಂದೇ ದಾರಿಯಲ್ಲಿ ಬೆಟ್ಟದ ಪಕ್ಕಕ್ಕೇ ಸಮಭಾಜಕ ವೃತ್ತದ ಕಡೆಗೆ ನುಗ್ಗುತ್ತದೆ. ನೀವು ಗದ್ದೆಗೆ ಬದು ಹಾಕಿ ನೀರನ್ನು ಬೇಕಾದ ಕಡೆ ತಿರುಗಿಸುವುದಿಲ್ವಾ, ಇದೂ ಅದೇ ಕೆಲಸ. ಭೂಮಿಯ ಮೇಲೆ ಇಂಥ ದೊಡ್ಡ ಬದುಗಳು ಮೂರು ಇವೆ. ಉತ್ತರ ಅಮೆರಿಕದ ರಾಕಿ ಪರ್ವತಗಳು, ದಕ್ಷಿಣ ಅಮೆರಿಕದ ಆಂಡೀಸ್, ಏಷ್ಯಾದಲ್ಲಿ ಟಿಬೆಟ್ ಪ್ರಸ್ಥಭೂಮಿಯ ಪೂರ್ವದ ಅಂಚು. ಧ್ರುವದ ಚಳಿ ಉಷ್ಣವಲಯಕ್ಕೆ ಜೋರಾಗಿ ನುಗ್ಗುವುದು ಈ ಮೂರರ ಪೂರ್ವದ ಬುಡದಲ್ಲಿ.

ಬೆಟ್ಟ ಅಡ್ಡಡ್ಡ, ಅಂದರೆ ಪೂರ್ವ-ಪಶ್ಚಿಮವಾಗಿ ಮಲಗಿದ್ದರೆ ಏನಾಗುತ್ತದೆ? ಅದಕ್ಕೆ ಹಿಮಾಲಯವನ್ನೇ ನೋಡಬೇಕು. ಸ್ವಲ್ಪ ತಡೆಯಿರಿ, ಅಲ್ಲಿಗೆ ಬರುತ್ತೇನೆ.

ಮೊದಲು ಅಮೆರಿಕಕ್ಕೆ ಹೋಗೋಣ. ನಿಮ್ಮಲ್ಲಿ ಎಷ್ಟೋ ಮನೆಯ ಮಕ್ಕಳು ಟೆಕ್ಸಸ್‌ನಲ್ಲಿ ಇದ್ದಾರೆ. ನನ್ನ ಅಕ್ಕನ ಮಗಳೂ ಡಲ್ಲಾಸ್‌ನಲ್ಲಿ ಇದ್ದಾಳೆ. 2021ರ ಫೆಬ್ರವರಿಯಲ್ಲಿ ಒಂದು ರಾತ್ರಿ ಫೋನ್ ಮಾಡಿದಳು. ‘ಮಾಮಾ, ಮನೆಯೊಳಗೆ ಉಸಿರು ಬಿಟ್ಟರೆ ಹೊಗೆ ಕಾಣಿಸ್ತಿದೆ’ ಅಂದಳು. ಎರಡು ದಿನದಿಂದ ಕರೆಂಟ್ ಇರಲಿಲ್ಲ. ಗಂಡ, ಹೆಂಡತಿ, ಮಗು, ಇದ್ದಬದ್ದ ರಗ್ಗುಗಳನ್ನೆಲ್ಲ ಹೊದ್ದು ಒಂದೇ ರೂಮಿನಲ್ಲಿ ಕೂತಿದ್ದರು. ಫೆಬ್ರವರಿ 16ರ ಬೆಳಗ್ಗೆ ಡಲ್ಲಾಸ್‌ನಲ್ಲಿ ಪಾರಾ, ಅಂದರೆ ಉಷ್ಣಮಾಪಕದ ಪಾದರಸ, ಮೈನಸ್ 19 ಡಿಗ್ರಿ. ಡಲ್ಲಾಸ್ ಇರುವುದು 32.8 ಡಿಗ್ರಿ ಉತ್ತರದಲ್ಲಿ. ನಮ್ಮ ಜಮ್ಮು ನಗರ ಇರುವುದೂ ಹೆಚ್ಚುಕಡಿಮೆ ಅಲ್ಲೇ, 32.7. ಜಮ್ಮುವಿನಲ್ಲಿ ತೀರಾ ಕೆಟ್ಟ ಚಳಿಯ ರಾತ್ರಿಯಲ್ಲೂ ಪಾರಾ ಸೊನ್ನೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಆ ವಾರ ಟೆಕ್ಸಸ್‌ನಲ್ಲಿ ರಾಜ್ಯದ ಲೆಕ್ಕದ ಪ್ರಕಾರವೇ 246 ಜನ ಸತ್ತರು. 45 ಲಕ್ಷ ಮನೆಗಳಿಗೆ ಕರೆಂಟ್ ಹೋಗಿತ್ತು. ಮೆಕ್ಸಿಕೊ ಗಡಿಯ ಹತ್ತಿರ ಸೌತ್ ಪಾಡ್ರೆ ದ್ವೀಪದಲ್ಲಿ ಚಳಿಗೆ ಮರಗಟ್ಟಿ ತೇಲುತ್ತಿದ್ದ ಸಾವಿರಾರು ಕಡಲಾಮೆಗಳನ್ನು ಜನ ದೋಣಿಯಲ್ಲಿ, ಕಾರಿನಲ್ಲಿ ಹೊತ್ತು ತಂದು ಒಂದು ದೊಡ್ಡ ಸಭಾಂಗಣದ ನೆಲದ ಮೇಲೆ ಸಾಲಾಗಿ ಮಲಗಿಸಿ ಉಳಿಸಿಕೊಂಡರು. ಆ ಫೋಟೋ ನೋಡಿದರೆ ಕಣ್ಣು ತುಂಬುತ್ತದೆ.

ಟೆಕ್ಸಸ್ ಜನ ಒಂದು ಹಳೇ ಮಾತು ಹೇಳುತ್ತಾರೆ, ತಮಗೂ ಉತ್ತರ ಧ್ರುವಕ್ಕೂ ನಡುವೆ ಇರುವುದು ಒಂದು ಮುಳ್ಳುತಂತಿ ಬೇಲಿ ಅಷ್ಟೇ ಅಂತ. ನಕ್ಷೆ ನೋಡಿ, ಆ ಮಾತು ಎಷ್ಟು ನಿಜ ಅಂತ ಗೊತ್ತಾಗುತ್ತದೆ. ಕೆನಡಾದ ಉತ್ತರ ತುದಿಯಿಂದ ಮೆಕ್ಸಿಕೊ ಕೊಲ್ಲಿವರೆಗೆ ಅಡ್ಡಲಾಗಿ ಒಂದೇ ಒಂದು ಬೆಟ್ಟದ ಸಾಲು ಇಲ್ಲ. ಪಶ್ಚಿಮಕ್ಕೆ ಮಾತ್ರ ರಾಕಿ ಪರ್ವತದ ಗೋಡೆ ಉದ್ದಕ್ಕೂ ನಿಂತಿದೆ. 1911ರ ನವೆಂಬರ್ 11ರಂದು ಒಕ್ಲಹೋಮ ನಗರದಲ್ಲಿ ಹಗಲು 28 ಡಿಗ್ರಿ ಇತ್ತು. ಅದೇ ದಿನ ಮಧ್ಯರಾತ್ರಿಯೊಳಗೆ ಮೈನಸ್ 8. ಅಂಗಿ ತೋಳು ಮಡಚಿಕೊಂಡು ಹೊಲಕ್ಕೆ ಹೋದವನು ಮನೆಗೆ ಬರುವಷ್ಟರಲ್ಲಿ ನಡುಗುತ್ತಿದ್ದ ಅನ್ನುವ ಹಾಗೆ.

ಫ್ಲಾರಿಡಾದ ಕಿತ್ತಳೆಯ ಕತೆಯೂ ಇದೇ. 1894ರ ಡಿಸೆಂಬರ್ ಕೊನೆಯಲ್ಲಿ ಒಂದು ಸಲ, 1895ರ ಫೆಬ್ರವರಿಯಲ್ಲಿ ಇನ್ನೊಂದು ಸಲ ಚಳಿ ಬಡಿಯಿತು. ಮೊದಲ ಸಲ ಹಣ್ಣು, ಎಲೆ ಹೋದವು. ನಡುವೆ ಸ್ವಲ್ಪ ಬಿಸಿಲು ಬಂದು ಮರಗಳು ಚಿಗುರಿದ್ದವು, ಕಾಂಡದಲ್ಲಿ ರಸ ಏರಿತ್ತು. ಅಷ್ಟರಲ್ಲಿ ಎರಡನೆಯದು ಬಂದು ಮರಗಳನ್ನೇ ಸೀಳಿಹಾಕಿತು. ಅಲ್ಲಿಂದ ಕಿತ್ತಳೆ ತೋಟಗಳು ಒಂದೊಂದಾಗಿ ದಕ್ಷಿಣಕ್ಕೆ ಸರಿದವು. ಅದೇ ಫೆಬ್ರವರಿಯಲ್ಲಿ ಮೆಕ್ಸಿಕೊದ ತಂಪಿಕೊ ಬಂದರಿನಲ್ಲಿ ಹಿಮ ಬಿದ್ದಿತ್ತು. ಸಮುದ್ರದ ಮಟ್ಟದಲ್ಲಿ, 22 ಡಿಗ್ರಿ ಅಕ್ಷಾಂಶದಲ್ಲಿ! ನಮ್ಮ ಗುಜರಾತಿನ ರಾಜಕೋಟೆಯಲ್ಲಿ ಹಿಮ ಬಿದ್ದ ಹಾಗೆ.

ಇನ್ನೂ ದಕ್ಷಿಣಕ್ಕೆ ಹೋಗಿ. ಮೆಕ್ಸಿಕೊದ ಪೂರ್ವ ಕರಾವಳಿಯ ಪಕ್ಕದಲ್ಲೇ ಸಿಯೆರಾ ಮಾದ್ರೆ ಬೆಟ್ಟಗಳು ಬದುವನ್ನು ಮುಂದುವರಿಸುತ್ತವೆ. ಚಳಿಗಾಳಿ ಆ ಬುಡದಲ್ಲೇ ಜಾರಿಕೊಂಡು ಹೋಗುತ್ತದೆ. ಅಲ್ಲಿಯವರು ಇದನ್ನು ‘ನೋರ್ತೆ’ ಅನ್ನುತ್ತಾರೆ, ಅಂದರೆ ಬಡಗಣ ಗಾಳಿ. ಹಾಗೆ ಹೋಗುತ್ತಾ ಹೋಗುತ್ತಾ ತೆವಾಂತೆಪೆಕ್ ಅನ್ನುವ ಕಡೆ ನೆಲ ಸಣ್ಣದಾಗುತ್ತದೆ. ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಬರೀ 200 ಕಿ.ಮೀ. ಎರಡೂ ಕಡೆ 2,000 ಮೀಟರ್ ದಾಟುವ ಬೆಟ್ಟ, ನಡುವೆ ಸುಮಾರು 220 ಮೀಟರ್ ಎತ್ತರದ ಒಂದು ಕಂಡಿ. ಬದುವಿಗೆ ಕಂಡಿ ಬಿದ್ದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಇಷ್ಟು ದೂರ ಒತ್ತಿಕೊಂಡು ಬಂದ ಗಾಳಿಯೆಲ್ಲ ಆ ಕಂಡಿಯಲ್ಲಿ ನುಗ್ಗಿ ಪೆಸಿಫಿಕ್ ಸಾಗರಕ್ಕೆ ಚಿಮ್ಮುತ್ತದೆ. ಚಂಡಮಾರುತದಷ್ಟು ವೇಗದಲ್ಲಿ ನೂರಾರು ಕಿ.ಮೀ. ಸಮುದ್ರದೊಳಗೆ ಹೋಗುತ್ತದೆ. ಮೇಲಿನ ಬೆಚ್ಚನೆಯ ನೀರನ್ನು ತಳ್ಳಿಬಿಡುತ್ತದೆ, ಅಡಿಯಿಂದ ತಣ್ಣನೆಯ ನೀರು ಮೇಲೇಳುತ್ತದೆ, ಅದರ ಜೊತೆ ಪೋಷಕಾಂಶ ಬಂದು ಸಣ್ಣ ಸಣ್ಣ ಪಾಚಿಗಳು ಬೆಳೆಯುತ್ತವೆ. ಉಪಗ್ರಹದ ಚಿತ್ರದಲ್ಲಿ ಹಸಿರು ಪಟ್ಟೆಯ ಹಾಗೆ ಅದು ಕಾಣುತ್ತದೆ. ಎಲ್ಲಿಯ ಕೆನಡಾ, ಎಲ್ಲಿಯ 15 ಡಿಗ್ರಿ ಅಕ್ಷಾಂಶದ ಮೀನು! ಅಲ್ಲಿ ಲಾ ವೆಂತೋಸಾ ಅಂತ ಒಂದು ಊರಿದೆ, ಅರ್ಥವೇ ಗಾಳಿಯ ಊರು. ಈಗ ಅದರ ಸುತ್ತ ಗಾಳಿಯಂತ್ರಗಳ ತೋಪು. ನಮ್ಮ ಪಶ್ಚಿಮ ಘಟ್ಟ ತುಂಡಾಗುವ ಪಾಲಕ್ಕಾಡಿನ ಹತ್ತಿರ ಗಾಳಿಯಂತ್ರ ನೋಡಿದ್ದೀರಲ್ಲ, ಕಾರಣ ಒಂದೇ ಜಾತಿಯದು. ಪಾಲಕ್ಕಾಡಿನಲ್ಲಿ ಮುಂಗಾರು ನುಗ್ಗುತ್ತದೆ, ತೆವಾಂತೆಪೆಕ್‌ನಲ್ಲಿ ಧ್ರುವದ ಗಾಳಿ ನುಗ್ಗುತ್ತದೆ.

ಈಗ ನಿಮ್ಮ ಕಾಫಿಗೆ ವಾಪಸ್ ಬರೋಣ.

ದಕ್ಷಿಣ ಅಮೆರಿಕದ ಪಶ್ಚಿಮದ ಅಂಚಿಗೆ ಆಂಡೀಸ್ ನಿಂತಿದೆ. 7,000 ಕಿ.ಮೀ. ಉದ್ದ, ಎಷ್ಟೋ ಕಡೆ 4,000 ಮೀಟರ್‌ಗಿಂತ ಎತ್ತರ. ದಕ್ಷಿಣ ಸಾಗರದಿಂದ ತಣ್ಣನೆಯ ಗಾಳಿ ಖಂಡದ ತುದಿಯಲ್ಲಿ, ಬೆಟ್ಟ ತಗ್ಗಾಗಿರುವ ಕಡೆ, ಅರ್ಜೆಂಟೀನಾದ ಬಯಲಿಗೆ ಇಳಿಯುತ್ತದೆ. ಅಲ್ಲಿಂದ ಆಂಡೀಸ್ ಒಂದು ಪಕ್ಕ, ಬ್ರೆಜಿಲ್‌ನ ಎತ್ತರದ ನೆಲ ಇನ್ನೊಂದು ಪಕ್ಕ, ನಡುವೆ ಪರಗ್ವಾಯಿ ಮತ್ತು ಬೊಲಿವಿಯಾದ ತಗ್ಗು ಬಯಲು. ಸರಿಯಾದ ಓಣಿ. ಆ ಓಣಿಯಲ್ಲಿ ಚಳಿ ಕೆಲವೇ ದಿನದಲ್ಲಿ ಅಮೆಜಾನ್ ಕಾಡಿಗೆ ತಲುಪುತ್ತದೆ. ಹೌದು, ಅಮೆಜಾನ್ ಕಾಡಿಗೇ. ಬೊಲಿವಿಯಾದವರು ಇದನ್ನು ‘ಸುರಾಸೊ’ ಅನ್ನುತ್ತಾರೆ, ಬ್ರೆಜಿಲ್‌ನವರು ‘ಫ್ರಿಯಾಜೆಂ’, ಪೆರುವಿನವರು ‘ಫ್ರಿಯಾಹೆ’. ಸಮಭಾಜಕ ವೃತ್ತದಿಂದ ಬರೀ 10 ಡಿಗ್ರಿ ದೂರದ ರಿಯೊ ಬ್ರಾಂಕೊ ಊರಿನಲ್ಲಿ, ಮಧ್ಯಾಹ್ನ 30 ಡಿಗ್ರಿ ದಾಟುವ ಜಾಗದಲ್ಲಿ, ಪಾರಾ 10-12ಕ್ಕೆ ಇಳಿಯುತ್ತದೆ. ಗೋಡೆಗೆ ಕಿಟಕಿ ಬಾಗಿಲೇ ಸರಿಯಾಗಿ ಇಲ್ಲದ ಮರದ ಮನೆಗಳಲ್ಲಿ, ಹಗ್ಗದ ಜೋಲಿಯಲ್ಲಿ ಮಲಗುವ ಜನಕ್ಕೆ ಆ 10 ಡಿಗ್ರಿ ಹೇಗಿರುತ್ತದೆ ಅಂತ ಯೋಚನೆ ಮಾಡಿ.

ಅಲ್ಲಿ ಕೆರೆಗಳಲ್ಲಿ ಮೀನು ಸಾಯುತ್ತದೆ. ಇದರ ಕಾರಣ ಹೇಳಲೇಬೇಕು, ನನಗೆ ಇದು ಬಹಳ ಕಾಡಿದ ವಿಷಯ. ಬಿಸಿಲ ನಾಡಿನ ಕೆರೆಯಲ್ಲಿ ಮೇಲಿನ ನೀರು ಬೆಚ್ಚಗೆ, ಹಗುರ. ಅದರಲ್ಲಿ ಪ್ರಾಣವಾಯು ಇರುತ್ತದೆ. ಕೆಳಗೆ ಕೊಳೆತ ಎಲೆ, ಕೆಸರು, ಪ್ರಾಣವಾಯು ಇಲ್ಲದ ನೀರು. ಎರಡೂ ಬೆರೆಯದೆ ತಿಂಗಳುಗಟ್ಟಲೆ ಹಾಗೇ ಇರುತ್ತವೆ. ಚಳಿಗಾಳಿ ಬೀಸಿದಾಗ ಮೇಲಿನ ನೀರು ತಣ್ಣಗಾಗಿ ಭಾರವಾಗಿ ಮುಳುಗುತ್ತದೆ, ಕೆಳಗಿನ ಕೆಟ್ಟ ನೀರು ಮೇಲೆ ಬರುತ್ತದೆ. ಮೀನು ಚಳಿಯಿಂದ ಸಾಯುವುದಕ್ಕಿಂತ ಜಾಸ್ತಿ ಉಸಿರುಕಟ್ಟಿ ಸಾಯುತ್ತದೆ.

ಪರಾನಾ ಇರುವುದು ಈ ಓಣಿಯ ಪೂರ್ವದ ಪಕ್ಕದಲ್ಲಿ. ಅಲ್ಲಿಯ ಬೆಳೆಗಾರರಿಗೆ ಚಳಿ ಹೊಸದಾಗಿರಲಿಲ್ಲ. ತಣ್ಣನೆಯ ಗಾಳಿ ತಗ್ಗಿನಲ್ಲಿ ನಿಲ್ಲುತ್ತದೆ ಅಂತ ಗೊತ್ತಿದ್ದೇ ಅವರು ಕಣಿವೆ ಬಿಟ್ಟು ಗುಡ್ಡದ ನೆತ್ತಿ, ಇಳಿಜಾರಿನ ಮೇಲ್ಭಾಗದಲ್ಲಿ ಗಿಡ ಹಾಕುತ್ತಿದ್ದರು. ಮಾಮೂಲಿ ಫ್ರಾಸ್ಟ್‌ಗೆ ಅದು ಸಾಕು. ಗಾಳಿ ಇಲ್ಲದ ತಿಳಿಯಾದ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಎಲೆಯ ಮೇಲೆ ಬಿಳಿ ಪುಡಿ ಕೂರುತ್ತದೆ, ಬಿಸಿಲು ಬಂದಾಗ ಕರಗುತ್ತದೆ, ತುದಿ ಸುಡುತ್ತದೆ, ಗಿಡ ಬದುಕುತ್ತದೆ. ಆದರೆ 1975ರಲ್ಲಿ ಬಂದದ್ದು ಅದಲ್ಲ. ಆ ಗಾಳಿ ಒಣಗಿತ್ತು, ಇಬ್ಬನಿ ಕಟ್ಟಲೂ ತೇವ ಇರಲಿಲ್ಲ. ಗಿಡದೊಳಗಿನ ರಸವೇ ಹೆಪ್ಪುಗಟ್ಟಿತು. ಬಿಳಿ ಪುಡಿ ಕಾಣಲೇ ಇಲ್ಲ, ಗಿಡ ನೇರವಾಗಿ ಕಪ್ಪಾಯಿತು. ಅದಕ್ಕೇ ಅಲ್ಲಿಯವರು ಅದನ್ನು ಕಪ್ಪು ಹಿಮ ಅಂತ ಕರೆಯುತ್ತಾರೆ. ನೆತ್ತಿಯಲ್ಲಿ ನೆಟ್ಟದ್ದೂ ಉಳಿಯಲಿಲ್ಲ. ಕಾಫಿ ಗಿಡ ಹೊಸದಾಗಿ ನೆಟ್ಟರೆ ಫಸಲು ನೋಡಲು ಮೂರು ನಾಲ್ಕು ವರ್ಷ ಬೇಕು, ಅದು ನಿಮಗೆ ಗೊತ್ತು. ಅಷ್ಟು ಕಾಯುವ ಶಕ್ತಿ ಇಲ್ಲದವರು ಕಾಫಿ ಬುಡ ಕಿತ್ತು ಸೋಯಾ, ಗೋಧಿ ಹಾಕಿದರು. ಸೋಯಾಗೆ ಟ್ರಾಕ್ಟರ್ ಸಾಕು, ಆಳು ಬೇಡ. ತೋಟದ ಕೆಲಸದವರು ಕುಟುಂಬಗಟ್ಟಲೆ ಪಟ್ಟಣಕ್ಕೋ, ಪರಗ್ವಾಯಿಗೋ, ಅಮೆಜಾನ್ ಅಂಚಿನ ಹೊಸ ನೆಲಕ್ಕೋ ಹೊರಟುಹೋದರು. ಕಾಫಿ ಉತ್ತರಕ್ಕೆ, ಮಿನಾಸ್ ಜೆರೈಸ್ ರಾಜ್ಯದ ಕಡೆಗೆ ಸರಿಯಿತು. ಫ್ಲಾರಿಡಾದ ಕಿತ್ತಳೆ ದಕ್ಷಿಣಕ್ಕೆ ಸರಿದಂತೆ ಇದೂ ಸಮಭಾಜಕ ವೃತ್ತದ ಕಡೆಗೇ ಸರಿಯಿತು, ಚಳಿಯ ಕೈಗೆ ಎಟುಕದ ಕಡೆಗೆ.

ಹಿಮಕ್ಕೆ ಮುಂಚೆ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಕಾಫಿ ಪೌಂಡಿಗೆ ಒಂದು ಡಾಲರ್‌ಗಿಂತ ಕೆಳಗಿತ್ತು. 1977ರ ಏಪ್ರಿಲ್ ಹೊತ್ತಿಗೆ 3 ಡಾಲರ್ ದಾಟಿತು. ಹಿಮ ಒಂದೇ ಕಾರಣ ಅಲ್ಲ, ಅಂಗೋಲಾದಲ್ಲಿ ಯುದ್ಧ, ಗ್ವಾಟೆಮಾಲಾದಲ್ಲಿ ಭೂಕಂಪ ಎರಡೂ ಅದೇ ಕಾಲದಲ್ಲಿ ಆದವು. ಆದರೆ ಶುರುವಾದದ್ದು ಆ ರಾತ್ರಿಯಿಂದ. ಆಗ ನಮ್ಮ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಬೋರ್ಡೇ ಮಾರುವ ವ್ಯವಸ್ಥೆಗೆ, ಹೋಗುತ್ತಿತ್ತು. ಈಗ ಪೂಲ್ ಇಲ್ಲ, ರೇಟು ನೇರವಾಗಿ ನಿಮ್ಮ ಮೊಬೈಲ್‌ಗೆ ಬರುತ್ತದೆ. 2021ರ ಜುಲೈ 20ರಂದು ಮಿನಾಸ್ ಜೆರೈಸ್‌ನಲ್ಲೂ ಫ್ರಾಸ್ಟ್ ಬಿದ್ದು ಆ ವಾರವೇ ರೇಟು ಹಾರಿತು, ನೀವೆಲ್ಲ ನೋಡಿದ್ದೀರಿ. ಅಲ್ಲಿ ಒಬ್ಬ ರೈತನ ಗಿಡ ಕಪ್ಪಾದಾಗ ಇಲ್ಲಿ ನಮಗೆ ನಾಲ್ಕು ಕಾಸು ಬರುತ್ತದೆ. ಅದನ್ನು ಖುಷಿಯಿಂದ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಅವರೂ ನಮ್ಮ ಹಾಗೆ ಬೆಳೆಗಾರರೇ.

ಮೂರನೆಯ ಬದು ಟಿಬೆಟ್‌ನ ಪೂರ್ವದ ಅಂಚು. ಸೈಬೀರಿಯಾದಿಂದ ಚೆಲ್ಲಿದ ಚಳಿ ಮಂಗೋಲಿಯಾ ದಾಟಿ ಚೀನಾದ ಉದ್ದಕ್ಕೂ ಇಳಿಯುತ್ತದೆ. 2016ರ ಜನವರಿ 24ರಂದು ಹಾಂಗ್‌ಕಾಂಗ್‌ನಲ್ಲಿ 3.1 ಡಿಗ್ರಿ. ಪಕ್ಕದ ಗ್ವಾಂಗ್‌ಝೌನಲ್ಲಿ ಹಿಮದ ಹಳಕುಗಳು ಬಿದ್ದವು. ಹೆಪ್ಪುಗಟ್ಟಿದ ಇಬ್ಬನಿ ನೋಡಲು ಹಾಂಗ್‌ಕಾಂಗ್‌ನ ತೈ ಮೊ ಶಾನ್ ಬೆಟ್ಟ ಹತ್ತಿದವರು ಇಳಿಯಲಾಗದೆ ಅಗ್ನಿಶಾಮಕದವರು ಹೋಗಿ ಇಳಿಸಬೇಕಾಯಿತು. ಹಾಂಗ್‌ಕಾಂಗ್ ಅಕ್ಷಾಂಶ 22.3, ಕೋಲ್ಕತ್ತ 22.6. ಕೋಲ್ಕತ್ತದಲ್ಲಿ ಪಾರಾ 10 ಮುಟ್ಟಿದರೇ ಪೇಪರ್‌ನಲ್ಲಿ ಸುದ್ದಿ.

ಅಲ್ಲಿಂದ ಮುಂದೆ ದಕ್ಷಿಣ ಚೀನಾ ಸಮುದ್ರ. ಒಂದು ಕಡೆ ವಿಯೆಟ್ನಾಂ ಬೆಟ್ಟಗಳು, ಇನ್ನೊಂದು ಕಡೆ ಬೋರ್ನಿಯೊ, ಮತ್ತೆ ಓಣಿ. ಆದರೆ ಇಲ್ಲಿ ಸಮುದ್ರ ತನ್ನ ಕೆಲಸ ಮಾಡುತ್ತದೆ. ಬೆಚ್ಚನೆಯ ನೀರಿನ ಮೇಲೆ ಸಾವಿರಾರು ಕಿ.ಮೀ. ಬರುತ್ತಾ ಗಾಳಿ ಶಾಖವನ್ನೂ ತೇವವನ್ನೂ ಹೀರಿಕೊಳ್ಳುತ್ತದೆ. ಸಿಂಗಾಪುರ ತಲುಪುವ ಹೊತ್ತಿಗೆ ಚಳಿ ಹೋಗಿ ಮಳೆಯಾಗಿರುತ್ತದೆ. 2018ರ ಜನವರಿಯಲ್ಲಿ ಹೀಗೆ ಬಂದಾಗ ಸಿಂಗಾಪುರದಲ್ಲಿ 21-22 ಡಿಗ್ರಿ ಆಯಿತು. ನಮಗೆ ಅದು ಹಿತವಾದ ಹವಾ, ಅಲ್ಲಿಯವರು ಜಾಕೆಟ್ ಹುಡುಕಿದರು. 2001ರ ಡಿಸೆಂಬರ್‌ನಲ್ಲಿ ಮಾತ್ರ ಈ ಗಾಳಿ ದೊಡ್ಡ ಆಟ ಆಡಿತು. ಬೋರ್ನಿಯೊ ಪಕ್ಕದ ಒಂದು ಸುಳಿಗೆ ಇದರ ಹೊಡೆತ ಸೇರಿ, ಸಮಭಾಜಕ ವೃತ್ತದಿಂದ ಬರೀ ಒಂದೂವರೆ ಡಿಗ್ರಿ ದೂರದಲ್ಲಿ ವಾಮೇ ಅನ್ನುವ ಚಂಡಮಾರುತ ಎದ್ದಿತು. ಅಷ್ಟು ಹತ್ತಿರ ಚಂಡಮಾರುತ ಏಳುವುದಿಲ್ಲ ಅಂತ ಪುಸ್ತಕಗಳಲ್ಲಿ ಇತ್ತು. ನಾನೂ ಹಾಗೇ ಪಾಠ ಮಾಡಿದ್ದೆ.

ಸಮುದ್ರದ ಬಲ ಎಷ್ಟು ಅಂತ ತಿಳಿಯಲು ಹೊನೊಲುಲು ನೋಡಿದರೆ ಸಾಕು. ಹನೋಯ್ ಇರುವ ಅಕ್ಷಾಂಶದಲ್ಲೇ ಅದೂ ಇದೆ, ಆದರೆ ಸುತ್ತ ಬರೀ ನೀರು. ಅಲ್ಲಿ ಪಾರಾ 11ಕ್ಕಿಂತ ಕೆಳಗೆ ಇಳಿದದ್ದಿಲ್ಲ. ಆಸ್ಟ್ರೇಲಿಯಾದ ಕತೆಯೂ ಅದೇ, ದಕ್ಷಿಣಕ್ಕೆ ಅಂಟಾರ್ಕ್ಟಿಕಾ ಇದ್ದರೂ ನಡುವೆ ಬರೀ ಸಾಗರ. ದಕ್ಷಿಣ ಅಮೆರಿಕಕ್ಕೂ ಇದರಿಂದ ಸ್ವಲ್ಪ ಪುಣ್ಯ ಸಿಕ್ಕಿದೆ. ಅದರ ದಕ್ಷಿಣ ತುದಿ ಚೂಪು, ಕೆನಡಾದ ಹಾಗೆ ಅಗಲವಾಗಿದ್ದು ಚಳಿಯನ್ನು ಬೆಳೆಸುವ ನೆಲ ಅಲ್ಲಿಲ್ಲ. ಇದ್ದಿದ್ದರೆ ಬ್ರೆಜಿಲ್‌ನಲ್ಲಿ ಕಾಫಿ ಬೆಳೆಯುವ ಮಾತೇ ಬೇರೆಯಾಗುತ್ತಿತ್ತು.

ಈಗ ಹಿಮಾಲಯ. 2,400 ಕಿ.ಮೀ. ಅಡ್ಡಲಾಗಿ ಮಲಗಿದೆ, ಅದರ ಹಿಂದೆ ನಾಲ್ಕೈದು ಸಾವಿರ ಮೀಟರ್ ಎತ್ತರದ ಟಿಬೆಟ್. ಒಂದೆರಡು ಕಿಲೋಮೀಟರ್ ದಪ್ಪದ ಗಾಳಿ ಅದನ್ನು ಹತ್ತುವ ಮಾತೇ ಇಲ್ಲ. ಒಂದು ವೇಳೆ ಹತ್ತಿತು ಅಂತಲೇ ಇಟ್ಟುಕೊಳ್ಳಿ. 4,500 ಮೀಟರ್‌ನಲ್ಲಿ ಮೈನಸ್ 10 ಡಿಗ್ರಿಯ ಗಾಳಿ ಗಂಗಾ ಬಯಲಿಗೆ ಇಳಿಯಬೇಕು. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಸೈಕಲ್ ಪಂಪ್ ಒತ್ತಿದಾಗ ಬುಡ ಬಿಸಿಯಾಗುವ ಹಾಗೆ. ಒಣ ಗಾಳಿಗೆ ಪ್ರತಿ ಕಿಲೋಮೀಟರ್‌ಗೆ ಸುಮಾರು 10 ಡಿಗ್ರಿ. 200 ಮೀಟರ್ ಎತ್ತರದ ದೆಹಲಿಗೆ ಬರುವಷ್ಟರಲ್ಲಿ ಅದು 30 ಡಿಗ್ರಿ ದಾಟಿರುತ್ತದೆ! ಗೋಡೆ ಹಾರಿ ಬಂದರೂ ಅದು ಚಳಿಯಾಗಿ ಉಳಿಯುವುದಿಲ್ಲ. ಇದನ್ನು ಮೊದಲ ಸಲ ಲೆಕ್ಕ ಹಾಕಿ ನೋಡಿದ ದಿನ ನಾನು ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಇದರ ಫಲ ಅಂಕಿಯಲ್ಲೇ ಕಾಣುತ್ತದೆ. ದೆಹಲಿ 28.6 ಡಿಗ್ರಿಯಲ್ಲಿದೆ, ಚೀನಾದ ಚಾಂಗ್‌ಶಾ ನಗರ 28.2ರಲ್ಲಿ. ಜನವರಿ ಸರಾಸರಿ ದೆಹಲಿಯಲ್ಲಿ ಸುಮಾರು 14, ಚಾಂಗ್‌ಶಾದಲ್ಲಿ ಸುಮಾರು 5. ಚಾಂಗ್‌ಶಾದಲ್ಲಿ ಮೈನಸ್ 10ಕ್ಕಿಂತ ಕೆಳಗೆ ಹೋದ ದಾಖಲೆ ಇದೆ. ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ಅತಿ ಕಡಿಮೆ ದಾಖಲೆ 1935ರ ಜನವರಿಯ ಮೈನಸ್ 0.6. ಯೂರೋಪಿನಲ್ಲೂ ಆಲ್ಪ್ಸ್ ಹೀಗೇ ಅಡ್ಡ ಮಲಗಿ ಇಟಲಿಯನ್ನು ಕಾಯುತ್ತದೆ, ಆದರೆ ಫ್ರಾನ್ಸಿನ ರೋನ್ ಕಣಿವೆಯ ಕಡೆ ಬಾಗಿಲು ತೆರೆದಿದೆ, ಅಲ್ಲಿ ಮಿಸ್ತ್ರಾಲ್ ಗಾಳಿ ನುಗ್ಗುತ್ತದೆ. ನಮಗೂ ವಾಯವ್ಯದಲ್ಲಿ ಗೋಡೆ ಸ್ವಲ್ಪ ತಗ್ಗು. ಆ ಕಡೆಯಿಂದ ಚಳಿ ಇಳಿದರೆ ಕರಾಚಿಯವರು ಕ್ವೆಟ್ಟಾ ಗಾಳಿ ಬಂತು ಅನ್ನುತ್ತಾರೆ.

ಮಾತು ಮುಗಿದ ಮೇಲೆ ಬೀದರ್‌ನಿಂದ ಬಂದ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು. ‘ಸರ್, ಹಂಗಾದ್ರೆ ನಮ್ಮೂರಿನ ಡಿಸೆಂಬರ್ ಚಳಿ ಎಲ್ಲಿಂದ ಬರ್ತದ?’ ಒಳ್ಳೆಯ ಪ್ರಶ್ನೆ. ನಮ್ಮ ಚಳಿಯಲ್ಲಿ ಬಹುಪಾಲು ಹೊರಗಿಂದ ಬಂದದ್ದಲ್ಲ, ಇಲ್ಲೇ ರಾತ್ರಿ ತಯಾರಾದದ್ದು. ಮೋಡ ಇಲ್ಲ, ಗಾಳಿಯಲ್ಲಿ ತೇವ ಇಲ್ಲ, ನೆಲ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಬಿಡುತ್ತದೆ. ಉತ್ತರ ಭಾರತದ ಕಡೆಯಿಂದ ಬಯಲುಸೀಮೆ ಮೇಲೆ ಬೀಸುವ ಒಣ ಗಾಳಿ ಅದಕ್ಕೆ ನೆರವಾಗುತ್ತದೆ, ಅದಕ್ಕೇ ಬೀದರ್, ವಿಜಯಪುರಕ್ಕೆ ಮೈಸೂರಿಗಿಂತ ಚಳಿ ಜಾಸ್ತಿ. ಊಟಿ, ಮುನ್ನಾರ್‌ನಲ್ಲಿ ಚಹಾ ಎಲೆ ಸುಡುವ ಫ್ರಾಸ್ಟ್ ಕೂಡ ಇದೇ ಜಾತಿ. ಬೆಂಗಳೂರಿನ ದಾಖಲೆಯ 7.8 ಡಿಗ್ರಿಯೂ, ಅದು 1884ರ ಜನವರಿಯದು, ಹೀಗೇ ಒಂದು ರಾತ್ರಿಯದು. ಎರಡನ್ನೂ ಬೇರೆ ಮಾಡುವುದು ಸುಲಭ. ಇಲ್ಲೇ ಹುಟ್ಟಿದ ಚಳಿ ಹತ್ತು ಗಂಟೆಯ ಬಿಸಿಲಿಗೆ ಓಡಿಹೋಗುತ್ತದೆ. ಹರಿದು ಬಂದ ಚಳಿ ಮಧ್ಯಾಹ್ನ ಎರಡಕ್ಕೂ ಅಲ್ಲೇ ಇರುತ್ತದೆ.

ಕೊನೆಯ ಪ್ರಶ್ನೆ ಮೂಡಿಗೆರೆಯ ಹಿರಿಯ ಬೆಳೆಗಾರರೊಬ್ಬರದು. ಬ್ರೆಜಿಲ್‌ಗೆ ಫ್ರಾಸ್ಟ್ ಬರುವುದು ನಮಗೆ ಮೊದಲೇ ಗೊತ್ತಾಗುತ್ತದಾ ಅಂತ. ತಿಂಗಳ ಮೊದಲು ಇಲ್ಲ. ನಾಲ್ಕೈದು ದಿನ ಮೊದಲು ಚೆನ್ನಾಗಿಯೇ ಗೊತ್ತಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೊಬೈಲ್‌ನಲ್ಲಿ ಗಾಳಿಯ ಒತ್ತಡದ ನಕ್ಷೆ ತೆರೆದು, ಬ್ರೆಜಿಲ್ ಬಿಟ್ಟು ಮೊದಲು ಚಿಲಿಯ ದಕ್ಷಿಣ ತುದಿ ನೋಡಿ. ಪೆಸಿಫಿಕ್‌ನಿಂದ ಒಂದು ದೊಡ್ಡ ಹೆಚ್ಚೊತ್ತಡ ಆಂಡೀಸ್‌ನ ತಗ್ಗು ಭಾಗ ದಾಟಿ ಅರ್ಜೆಂಟೀನಾದ ಬಯಲಿಗೆ ಇಳಿಯುತ್ತಿದೆಯಾ? ಅದರ ಪೂರ್ವಕ್ಕೆ, ಅಟ್ಲಾಂಟಿಕ್ ಕರಾವಳಿಯಲ್ಲಿ, ಒಂದು ಕಡಿಮೆ ಒತ್ತಡ ಕೂತಿದೆಯಾ? ಎರಡೂ ಇದ್ದರೆ ನಡುವಿನ ಗಾಳಿ ನೇರ ಉತ್ತರಕ್ಕೆ ತಿರುಗುತ್ತದೆ, ಎರಡು ಮೂರು ದಿನದಲ್ಲಿ ಪರಾನಾ ಮುಟ್ಟುತ್ತದೆ. ಅವರು ಮೊಬೈಲ್ ತೆಗೆದು ಅಲ್ಲೇ ನಕ್ಷೆ ತೋರಿಸಿ ಅಂದರು. ಅವತ್ತು ಆ ಹೆಚ್ಚೊತ್ತಡ ಇನ್ನೂ ಚಿಲಿಯಿಂದ ದೂರ, ಸಾಗರದ ನಡುವೆ ಇತ್ತು.